ಯಾಗ್ಲಿಕಕ್ಕನ ಗಾಳಿ, ಬೆಕ್ಕಿನ ತೀರ್ಪು

ಹೊಗೆಯನ್ನು ಹೊಗಳುವ ಊರು ನಮ್ಮದು. ಕೋಟೊರ್ ಬಂದರಿನ ನೆತ್ತಿಯ ಮೇಲೆ, ಬೆಟ್ಟಗಳ ನಡುವೆ ಕೂತಿದ್ದೇವೆ. ಮನೆಗೊಂದು ಹೊಗೆಮನೆ. ಅದರ ತೊಲೆಗಳಲ್ಲಿ ಉಪ್ಪು ಸವರಿದ ಹಂದಿತೊಡೆಗಳು ಚಳಿಗಾಲವೆಲ್ಲ ನೇತಾಡುತ್ತವೆ, ಕೆಳಗೆ ಬೀಚ್ ಎಂಬ ಕಾಡುಮರದ ಕೊರಡು ಉರಿಯಲೂ ಒಲ್ಲದೆ ಆರಲೂ ಒಲ್ಲದೆ ಮುಲುಗುತ್ತದೆ. ತೊಡೆಗೆ ಹತ್ತಿದ ಹೊಗೆ ನಮಗೆ ಅನ್ನ. ತೊಟ್ಟ ಬಟ್ಟೆಗೆ ಹತ್ತಿದ್ದು ಅವಮಾನ. ಆದರೆ ಅದು ನಮ್ಮ ಮೂಗಿಗೆ ಗೊತ್ತೇ ಆಗದು. ಬಂದರಿನ ಬಸ್ಸಿನಲ್ಲಿ ನಾವು ಕೂತೊಡನೆ ಪಕ್ಕದವರು ಕಿಟಕಿ ಸರಿಸುತ್ತಾರಲ್ಲ, ಆಗಲೇ ಗೊತ್ತಾಗುವುದು.

ಹಾಗಾಗಿ ಕೋರ್ಟಿಗೆ ಹೋಗುವವರು, ಕೆಲಸ ಕೇಳಲು ಹೋಗುವವರು, ಹೆಣ್ಣು ನೋಡಲು ಹೋಗುವವರು ಮೊದಲು ಯಾಗ್ಲಿಕಕ್ಕನ ಅಂಗಳಕ್ಕೆ ಹೋಗುತ್ತಾರೆ.

ಆಕೆ ಹುಡುಗಿಯಾಗಿದ್ದಾಗ ಬಂದರಿನ ಹೋಟೆಲೊಂದರಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದ್ದಳು. ಮಧ್ಯಾಹ್ನದೊಳಗೆ ವಾಪಸು ಕಳಿಸಿದರು, ದಿಂಬು ಹಂದಿತೊಡೆಯ ವಾಸನೆ ಹೊಡೆಯುತ್ತಿದೆ ಎಂದು. ಬೇರೆಯವರಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಈಕೆ ಅತ್ತಳು, ಸುಮ್ಮನಾಗಲಿಲ್ಲ. ಬಟ್ಟೆ ಒಗೆದು ನೋಡಿದಳು, ವಾಸನೆ ಇನ್ನೂ ಒಳಗೆ ಇಳಿಯಿತು. ಅತ್ತರು ಹಾಕಿ ನೋಡಿದಳು, ಅತ್ತರು ಪೂಸಿಕೊಂಡ ಹಂದಿತೊಡೆಯಾಯಿತು. ಕೊನೆಗೆ, ಬೂರಾ ಬೀಸುವಾಗ ಕಲ್ಲುಗೋಡೆಯ ಮೇಲೆ ಮರೆತುಬಿಟ್ಟಿದ್ದ ಕೋಟೊಂದು ವಾಸನೆ ಕಳೆದುಕೊಂಡು ಅವಳಿಗೆ ದಾರಿ ತೋರಿತು. ಬೂರಾ ಅಂದರೆ ಬೆಟ್ಟದಿಂದ ಇಳಿಯುವ ಒಣ ಗಾಳಿ. ಮಾಂಸ ಒಣಗಿಸುವುದೂ ಅದೇ, ಮಾನ ಉಳಿಸುವುದೂ ಅದೇ.

ಅಂದಿನಿಂದ ಆಕೆಯ ಕ್ರಮ ಬದಲಾಗಿಲ್ಲ. ಮೊದಲು ಗಾಳಿ, ಆಮೇಲೆ ಬೆಚ್ಚಗೆ ಹುರಿದ ತೌಡಿನಿಂದ ಒಣ ಉಜ್ಜು, ಆಮೇಲೆ ವಿನೆಗರ್ ಕುದಿಸಿದ ಹಬೆ, ಮತ್ತೆ ಗಾಳಿ. ನೀರು ಬೇಕೇ ಆದರೆ ಕಟ್ಟಕಡೆಗೆ. ತನ್ನ ಮೂಗನ್ನು ಮಾತ್ರ ಆಕೆ ನಂಬುವುದಿಲ್ಲ. ಆ ಕೆಲಸಕ್ಕೆ ಬೂದು ಬಣ್ಣದ ಬೆಕ್ಕೊಂದಿದೆ, ಹೆಸರು ಸುದಿಯ, ಅಂದರೆ ನ್ಯಾಯಾಧೀಶ. ಬಟ್ಟೆಯನ್ನು ಅದು ನೆಕ್ಕಿದರೆ ಕೆಲಸ ಬಾಕಿ, ಮುಖ ತಿರುಗಿಸಿದರೆ ಮುಗಿಯಿತು.

ಕಳೆದ ವಸಂತದಲ್ಲಿ ನೆರೆಮನೆಯ ಲಾಬುದ್ ತಲೆಯ ಮೇಲೆ ಕೈಹೊತ್ತು ಓಡಿಬಂದ. ಅವನ ಮಗಳು ವಿದ್ನಾಳ ಮದುವೆ ಭಾನುವಾರ, ಬಂದರಿನ ಮೀನುಗಾರರ ಮನೆಗೆ. ಬಿಳಿ ಉಡುಪು ಬಂದ ದಿನವೇ ಅವನು ಅದನ್ನು ಹೊಗೆಮನೆಯ ತೊಲೆಗೆ ನೇತುಹಾಕಿದ್ದ.

"ಅಲ್ಲಿ ಯಾಕೋ ಹಾಕಿದೆ, ಮಂಕೇ?" ಎಂದಳು ಯಾಗ್ಲಿಕಕ್ಕ.

"ಬೆಲೆಬಾಳೋದೆಲ್ಲ ಅಲ್ಲೇ ತಾನೇ ಇಡೋದು, ಅಕ್ಕಾ! ಇಲಿ ಬರಲ್ಲ, ನುಸಿ ಬರಲ್ಲ..."

"ಸದ್ಯ, ಮಗಳನ್ನ ನೇತುಹಾಕಲಿಲ್ಲವಲ್ಲ."

ವಿದ್ನಾ ನಗಲಿಲ್ಲ. "ಅತ್ತೆಯಾಗೋ ದಾರಿಂಕಾಗೆ ನಾಯಿ ಮೂಗು, ಅಕ್ಕಾ. ಹಿರಿಸೊಸೆ ಮೈಗೆ ಬೆಳ್ಳುಳ್ಳಿ ವಾಸನೆ ಅಂತ ವರ್ಷಗಟ್ಟಲೆ ಆಡಿಕೊಂಡಿದಾಳೆ. ನನ್ನನ್ನ ಸಾಯೋತನಕ ಹಂದಿತೊಡೆ ಅಂತಲೇ ಕರೀತಾಳೆ" ಎಂದಳು.

ತೌಡಾಯಿತು, ಹಬೆಯಾಯಿತು. ಗಾಳಿ ಮಾತ್ರ ಕೈಕೊಟ್ಟಿತು. ಬೂರಾ ಬರಬೇಕಾದಲ್ಲಿ ಕಡಲ ಕಡೆಯ ಒದ್ದೆ ಗಾಳಿ ಬಂದು ಊರಿನ ಮೇಲೆ ಹಸಿ ಕಂಬಳಿಯಂತೆ ಹೊದ್ದುಕೊಂಡಿತು. ಶುಕ್ರವಾರ ಉಡುಪಿನ ಅಂಚನ್ನು ಸುದಿಯ ಕಣ್ಣುಮುಚ್ಚಿ ನೆಕ್ಕಿದ.

ಶನಿವಾರ ಬೆಳಗ್ಗೆ ಯಾಗ್ಲಿಕಕ್ಕ ಆಕಾಶ ನೋಡಿದಳು, ಲಾಬುದನ ತೆರೆದ ಟ್ರಕ್ಕು ನೋಡಿದಳು.

"ಗಾಳಿ ನಮ್ಮ ಹತ್ರ ಬರಲ್ಲ ಅಂದ್ರೆ ನಾವೇ ಗಾಳಿ ಹತ್ರ ಹೋಗೋದು. ಹತ್ತಿಸೋ!"

ಟ್ರಕ್ಕಿನ ಹಿಂದೆ ಕಂಬ ನಿಲ್ಲಿಸಿ ಉಡುಪನ್ನು ಬಿಗಿಯಾಗಿ ಕಟ್ಟಿದರು. ಹೊಗೆ ಉಡುಪಿನ ಕಡೆ ಬಾರದಿರಲೆಂದು ಸೈಲೆನ್ಸರಿನ ಬಾಯಿಯನ್ನು ಆಕೆಯೇ ಬಗ್ಗಿ ನೋಡಿದಳು. ಆಮೇಲೆ ಕಂಬ ಹಿಡಿದು ನಿಂತಳು. ಮೋಡದ ಮೇಲಿನ, ಒಣ ಗಾಳಿಯ ಘಟ್ಟದ ನೆತ್ತಿಯವರೆಗೆ, ತಿರುವಿನ ಮೇಲೆ ತಿರುವು, ಏರಿದರು, ಇಳಿದರು, ಮತ್ತೆ ಏರಿದರು. ಬಿಳಿ ತೋಳುಗಳು ಎರಡೂ ಕಡೆ ಬೀಸಾಡಿದವು. ದಿಬ್ಬಣ ಹೊರಟಿತೆಂದುಕೊಂಡ ಮುದುಕರು ಟೋಪಿ ತೆಗೆದು ಹರಸಿದರು. ಒಬ್ಬ ಪುಣ್ಯಾತ್ಮ ಬಂದೂಕು ತಂದು ಆಕಾಶಕ್ಕೆ ಗುಂಡು ಹಾರಿಸಿಯೇಬಿಟ್ಟ.

"ಮದುಮಗಳು ಬಹಳ ತೆಳ್ಳಗಿದಾಳಲ್ಲೇ, ಯಾಗ್ಲಿಕಾ!" ಎಂದು ಒಬ್ಬಳು ಕೂಗಿದಳು.

"ಉಪವಾಸ ಕಣೇ! ನಾಳೆ ತುಂಬಿಕೊಳ್ತಾಳೆ!"

ಅರವತ್ತು ದಾಟಿದ ಹೆಂಗಸು ಇಡೀ ಹಗಲು ಕಂಬ ಬಿಡಲಿಲ್ಲ. ಇಳಿದಾಗ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ, ವಿದ್ನಾ ಒಂದೊಂದಾಗಿ ಬಿಡಿಸಿದಳು. ಸುದಿಯ ಬಂದು ಮೂಸಿದ, ಬೇಸರದಿಂದ ಆಕಳಿಸಿದ, ಹೊರಟುಹೋದ.

ಭಾನುವಾರ ಯಾಗ್ಲಿಕಕ್ಕ ಲಾಬುದನನ್ನು ಮಗಳ ಕಾರಿಗೆ ಹತ್ತಗೊಡಲಿಲ್ಲ. "ನೀನು ಹಿಂದಿನ ಬಸ್ಸಲ್ಲಿ ಬಾ. ನಿನ್ನ ಕೋಟು ಈಗಲೂ ಹೊಗೆಮನೆಯೇ" ಎಂದಳು. ಬುಟ್ಟಿಯಲ್ಲಿ ಬೆಕ್ಕನ್ನೂ ಇಟ್ಟುಕೊಂಡಳು, ದಾರಿಯಲ್ಲಿ ಉಡುಪಿಗೆ ಏನಾದರೂ ವಾಸನೆ ಹತ್ತಿಕೊಂಡೀತೆಂದು.

ಚರ್ಚಿನ ಅಂಗಳದಲ್ಲಿ ದಾರಿಂಕಾ ಕಾಯುತ್ತಿದ್ದಳು. ಸೊಸೆಯನ್ನು ತಬ್ಬಿಕೊಂಡಳು, ಎಡ ಭುಜದಲ್ಲಿ ಒಂದು ಉಸಿರು, ಬಲ ಭುಜದಲ್ಲಿ ಒಂದು ಉಸಿರು. ನಮ್ಮ ಕಡೆಯವರಾರೂ ಉಸಿರಾಡಲಿಲ್ಲ.

"ಬೆಟ್ಟದವಳು ಅಂತ ಅನ್ನಿಸೋದೇ ಇಲ್ಲ" ಎಂದಳು ದಾರಿಂಕಾ, ತುಸು ನಿರಾಶೆಯಿಂದಲೇ.

ಆಗ ಬುಟ್ಟಿಯ ಮುಚ್ಚಳ ಎದ್ದಿತು. ಸುದಿಯ ಹಾರಿದ. ಮದುಮಗಳ ಬಿಳಿ ಉಡುಪಿನಂಚನ್ನು ತಿರುಗಿಯೂ ನೋಡದೆ ದಾಟಿಹೋಗಿ, ದಾರಿಂಕಾಳ ಮಖಮಲ್ಲಿನ ತೋಳಿಗೆ ಜೋತುಬಿದ್ದು, ಗುರುಗುಡುತ್ತ ಮೊಣಕೈಯವರೆಗೆ ನೆಕ್ಕತೊಡಗಿದ. ತಲೆಮಾರುಗಳ ಮೀನು ಅಲ್ಲಿ ಮನೆಮಾಡಿತ್ತು. ಆ ಮನೆಯವರಿಗೆ ಅದು ಯಾವತ್ತೂ ಗೊತ್ತಾಗಿರಲಿಲ್ಲ.

ಮೊದಲು ನಕ್ಕವಳು ಹಿರಿಸೊಸೆ. ಆಮೇಲೆ ಅಂಗಳವೇ ನಕ್ಕಿತು. ದಾರಿಂಕಾಳ ಮುಖ ಕೆಂಪೇರಿತು. ಯಾಗ್ಲಿಕಕ್ಕ ಮಾತ್ರ ನಗಲಿಲ್ಲ. ಹೋಟೆಲಿನ ಆ ಮಧ್ಯಾಹ್ನ ಅವಳಿಗೆ ನೆನಪಿದ್ದಿರಬೇಕು. ಬೆಕ್ಕನ್ನು ಬಿಡಿಸಿ ಬುಟ್ಟಿಗೆ ಹಾಕಿ, ತನ್ನ ಶಾಲನ್ನು ದಾರಿಂಕಾಳ ತೋಳಿನ ಮೇಲೆ ಹೊದಿಸಿ, ಕಿವಿಯ ಹತ್ತಿರ ಬಾಗಿದಳು.

"ಬೂರಾ ಶುರುವಾದಾಗ ಈ ಮಖಮಲ್ಲನ್ನ ಮೇಲಕ್ಕೆ ನಮ್ಮೂರಿಗೆ ಕಳಿಸಿ, ಬೀಗರೇ, ಸೊಸೆ ಕೈಯಲ್ಲೇ ಕಳಿಸಿ. ಅಲ್ಲಿವರೆಗೂ ನೀರು ಮಾತ್ರ ಮುಟ್ಟಿಸಬೇಡಿ."