ಹದಿಮೂರು ಅಂಕಿಗೆ ಜಾಗ ಬಿಟ್ಟ ಗೋಡೆಗಳು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಎರಡೂ ಕಡೆ ಗೋಡೆಗಳ ಮೇಲಿರುವ ಅಕ್ಷರಗಳಲ್ಲಿ ಅರ್ಧದಷ್ಟು ನಾನು ಬರೆದವು. ಸಿಮೆಂಟು, ಗೊಬ್ಬರ, ಹಲ್ಲಿನ ಡಾಕ್ಟರು, ಮೂಳೆ ಕಟ್ಟುವವರು, ಏನೇ ಬರೆದರೂ ಕೊನೆಗೆ ಒಂದು ಮೊಬೈಲ್ ನಂಬರು ಇರಲೇಬೇಕು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಹೋದರು, ಗೋಡೆಗಳಷ್ಟೇ ನನ್ನ ಪಾಲಿಗೆ ಉಳಿದವು. ಈ ಕೆಲಸದಲ್ಲಿ ಅಕ್ಷರ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ, ಅಂಕಿ ತಪ್ಪಿದರೆ ಬಿಡುವುದಿಲ್ಲ. ಒಂದು ಸಲ ಏಳರ ಅಂಕಿ ಒಂದರ ಹಾಗೆ ಕಂಡು, ಕೋಳಿ ಫಾರಮ್ಮಿಗೆ ಬರಬೇಕಾದ ಕರೆಗಳೆಲ್ಲ ಆರು ತಿಂಗಳು ಯಾರೋ ಸಂಸ್ಕೃತ ಮೇಷ್ಟರಿಗೆ ಹೋದವು. ಅಂದಿನಿಂದ ನಾನು ಏಳಕ್ಕೆ ಸೊಂಟದಲ್ಲೊಂದು ಗೀಟು ಎಳೆಯುತ್ತೇನೆ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಎಲ್ಲರ ಫೋನಿಗೂ ಒಂದು ಮೆಸೇಜು ಬಂತು. ಇನ್ನು ಮೊಬೈಲ್ ನಂಬರು ಹತ್ತು ಅಂಕಿ ಇರುವುದಿಲ್ಲ, ಹದಿಮೂರು ಆಗುತ್ತದೆ, ಎಲ್ಲರೂ ಸಿದ್ಧರಾಗಿರಿ ಎಂದಿತ್ತು. ಸಿದ್ಧರಾಗುವುದು ಹೇಗೆ ಎಂದು ಅದರಲ್ಲಿ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ರೀತಿ ಸಿದ್ಧರಾದರು.

ನಮ್ಮ ಬೀದಿಯಲ್ಲಿ ಮನೆಗೊಂದು ರೇಷ್ಮೆ ಮಗ್ಗ. ನನ್ನ ಹೆಂಡತಿಯೂ ಮಗ್ಗದಲ್ಲಿ ಕೂರುವವಳು. ದಾರದ ಎಣಿಕೆ ತಲೆಯಲ್ಲೇ ಇಟ್ಟುಕೊಂಡು ರೂಢಿಯಾಗಿ ತನ್ನ ಅಕ್ಕತಂಗಿಯರ ನಾಲ್ಕೂ ನಂಬರುಗಳನ್ನು ಬಾಯಲ್ಲೇ ಹೇಳುತ್ತಿದ್ದಳು. ಹದಿಮೂರು ನನ್ನ ಕೈಲಾಗುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟಳು. ಹಳೆಯ ನಂಬರು ಹೋಗುವ ಮೊದಲು ಒಂದು ಸಲ ಮಾತಾಡಿಬಿಡಬೇಕೆಂದು ನಾಲ್ವರಿಗೂ ಫೋನು ಮಾಡಿದಳು. ಮದುವೆಯಾಗಿ ಹೊರಟ ದಿನ ಮಾತಾಡಿದ ಹಾಗೆ ಮಾತಾಡಿದರು. ಚಿಕ್ಕವಳಂತೂ ಅತ್ತಳಂತೆ. ಎಲ್ಲ ಮುಗಿದ ಮೇಲೆ ನಾಲ್ಕೂ ನಂಬರನ್ನು ಮಗ್ಗದ ಕಂಬದ ಮೇಲೆ ಸೀಸದಕಡ್ಡಿಯಲ್ಲಿ ಬರೆದಿಟ್ಟಳು. ಸಾಯುವ ನಂಬರು ಬರೆದಿಟ್ಟು ಏನು ಮಾಡುತ್ತೀಯ ಎಂದು ಕೇಳಿದೆ. ಫೋಟೋ ಇಟ್ಟುಕೊಳ್ಳುವುದಿಲ್ಲವೇ, ಹಾಗೆ ಎಂದಳು.

ಟೀ ಅಂಗಡಿಯಲ್ಲಿ ಬೇರೆಯದೇ ಜಗಳ. ಹೊಸ ಮೂರು ಅಂಕಿ ನಂಬರಿನ ಮುಂದೆ ಬರುತ್ತವೋ ಹಿಂದೆ ಬರುತ್ತವೋ ಎಂಬುದರ ಮೇಲೆ ಎರಡು ಪಕ್ಷಗಳಾದವು. ಹಿಂದೆ ಲ್ಯಾಂಡ್‌ಲೈನ್ ನಂಬರಿಗೆ ಎರಡು ಎಂಬ ಅಂಕಿಯನ್ನು ಅಂಟಿಸಿದಾಗ ಮುಂದೆಯೇ ಅಂಟಿಸಿದ್ದು, ಆದ್ದರಿಂದ ಇದೂ ಮುಂದೆ ಎಂದು ವಯಸ್ಸಾದವರು ವಾದಿಸಿದರು. ಬಸ್ಸಿಗೆ ಡಬ್ಬಿ ಸೇರಿಸಿದರೆ ಹಿಂದಕ್ಕೆ ತಾನೇ ಸೇರಿಸುವುದು ಎಂದು ಇನ್ನೊಬ್ಬರು. ಬಸ್ಸಿಗೆ ಯಾರು ಡಬ್ಬಿ ಸೇರಿಸುತ್ತಾರೆ ಎಂದು ಮತ್ತೊಬ್ಬರು ಕೇಳಿ ಮಾತು ಬೇರೆ ಕಡೆ ಹೋಯಿತು. ನನ್ನನ್ನೂ ಕೇಳಿದರು. ನಂಬರು ಬರೆಯುವವನು ಎಂಬ ಕಾರಣಕ್ಕೆ ನನಗೆ ಒಳಗಿನ ಸುದ್ದಿ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ಮುಂದೆಯೇ ಇರಬಹುದು ಎಂದೆ. ಆ ಒಂದು ಮಾತು ನಾನು ಆಡಬಾರದಿತ್ತು.

ಎರಡು ದಿನಕ್ಕೆ ಹನೂರಿನಿಂದ ಮೋಟರ್ ವೈಂಡಿಂಗ್‌ನವನು ಮೊಪೆಡ್ಡಿನಲ್ಲಿ ಬಂದ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕೆಲಸ. ತುಂಬ ಗಂಭೀರ ಮನುಷ್ಯ, ಜೇಬಿನಲ್ಲಿ ಯಾವಾಗಲೂ ಅಳತೆ ಟೇಪು. ಸುತ್ತಲ ಹಳ್ಳಿಗಳಲ್ಲಿ ನಾನು ಅವನ ನಂಬರನ್ನು ಇಪ್ಪತ್ತೈದು ಗೋಡೆಗಳ ಮೇಲೆ ಬರೆದಿದ್ದೆ. ಆ ಮೆಸೇಜನ್ನು ಜೆರಾಕ್ಸ್ ಮಾಡಿಸಿ, ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ತಂದಿದ್ದ.

"ಅಣ್ಣ, ನಂಬರ್ ಬದ್ಲಾದ ದಿವ್ಸ ಊರೋರೆಲ್ಲ ನಿನ್ನ ಬಾಗ್ಲಲ್ಲಿ ನಿಂತ್ಕತಾರ. ಆಗ ನೀ ನನ್ ಕೈಗ ಸಿಕ್ಕಲ್ಲ. ಈಗ್ಲೇ ಮೂರು ಅಂಕಿಗ ಜಾಗ ಮಡಗ್ಬುಡು."

ಅಂಕಿ ಯಾವುದೆಂದೇ ಗೊತ್ತಿಲ್ಲದೆ ಜಾಗ ಇಡುವುದು ಹೇಗೆ ಎಂದೆ. ಖಾಲಿ ಜಾಗ ಬಿಟ್ಟರೆ ಬೇರೆ ಯಾರಾದರೂ ಅಲ್ಲಿ ಬರೆದುಬಿಡುತ್ತಾರೆ, ಚೌಕ ಹಾಕಿಬಿಡು, ಚೌಕ ಇದ್ದರೆ ಯಾರೂ ಮುಟ್ಟುವುದಿಲ್ಲ ಎಂದ. ಅವನು ಹೇಳುವ ರೀತಿಯಲ್ಲಿ ಅದು ಸರಿ ಅನ್ನಿಸಿತು. ನಾಳೆ ಇಪ್ಪತ್ತೈದು ಗೋಡೆಗಳಲ್ಲೂ ಮತ್ತೆ ಕೆಲಸ ಸಿಗುತ್ತದೆ ಎಂಬ ಆಸೆಯೂ ನನಗಿತ್ತು, ಸುಳ್ಳು ಹೇಳುವುದಿಲ್ಲ.

ಕೆಂಪು ಬಣ್ಣದ ಡಬ್ಬಿ, ಬ್ರಷ್ಷು, ದಾರ ತೆಗೆದುಕೊಂಡು ಅವನ ಮೊಪೆಡ್ಡಿನಲ್ಲಿ ಹೊರಟೆವು. ಗೋಡೆ ಗೋಡೆಗೂ ಇಳಿದು ನಂಬರಿನ ಮುಂದೆ ಮೂರು ಚೌಕ ಬರೆದೆ. ಅವನು ಟೇಪು ಹಿಡಿದು ಮೂರೂ ಒಂದೇ ಅಳತೆ ಇವೆಯೇ ಎಂದು ನೋಡುತ್ತಿದ್ದ. ಹದಿನೈದು ಗೋಡೆಗಳವರೆಗೆ ಏನೂ ತೊಂದರೆಯಾಗಲಿಲ್ಲ.

ತೊಂದರೆ ಶಾಗ್ಯದಲ್ಲಿ. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಿಂದೆ ಬರೆಯುವಾಗ ಒಂದೇ ಬೀದಿಯಲ್ಲಿ ಐದು ಒಳ್ಳೆಯ ಗೋಡೆ ಸಿಕ್ಕವೆಂದು ಒಂದೊಂದರ ಮೇಲೂ ಈ ತುದಿಯಿಂದ ಆ ತುದಿಯವರೆಗೆ ದೊಡ್ಡದಾಗಿ ಬರೆದಿದ್ದೆ. ನಂಬರಿನ ಮುಂದೆ ಒಂದು ಗೇಣೂ ಜಾಗವಿರಲಿಲ್ಲ. ಚೌಕ ಹಾಕಬೇಕೆಂದರೆ ಪಕ್ಕದ ಮನೆಯ ಗೋಡೆಗೇ ಹಾಕಬೇಕು. ಪಕ್ಕದ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು ಎಂದ ಮೋಟರಿನವನು. ಹೀಗೆ ಆ ಬೀದಿಯಲ್ಲಿ ಐದು ಮನೆಗಳ ಮೇಲೆ ನಂಬರೂ ಇಲ್ಲದೆ ಹೆಸರೂ ಇಲ್ಲದೆ ಬರೀ ಮೂರು ಕೆಂಪು ಚೌಕಗಳು ಬಂದವು. ಹೇಳಲು ನಾವು ಮತ್ತೆ ಹೋಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮೋಟರಿನವನ ಫೋನು ಬಂತು. ಧ್ವನಿ ಸಣ್ಣದಾಗಿತ್ತು. ಶಾಗ್ಯದವರು ಕರೆಯುತ್ತಿದ್ದಾರೆ, ಇಬ್ಬರೂ ಹೋಗೋಣ, ಬಣ್ಣ ಮೆತ್ತಿದ ಬಟ್ಟೆ ಹಾಕಿಕೊಳ್ಳಬೇಡ, ಒಳ್ಳೆಯದು ಹಾಕಿಕೊಂಡು ಬಾ ಎಂದ.

ಹೋದಾಗ ಹಾಲಿನ ಡೈರಿ ಮುಂದೆ ಮೂವತ್ತು ಜನ ನಿಂತಿದ್ದರು. ಆದದ್ದು ಇಷ್ಟು. ಹೊಲದಿಂದ ಬಂದವರು ಗೋಡೆ ಮೇಲೆ ಕೆಂಪು ಗುರುತು ನೋಡಿದ್ದಾರೆ. ರಸ್ತೆ ಅಗಲ ಮಾಡಲು ಗುರುತು ಹಾಕಿ ಹೋಗಿದ್ದಾರೆ, ಐದು ಮನೆ ಹೊಡೆಯುತ್ತಾರೆ ಎಂದು ಚೌಕ ಬಿದ್ದ ಮೇಲಿನ ಬೀದಿಯವರು ತೀರ್ಮಾನಿಸಿದ್ದಾರೆ. ಒಬ್ಬರು ಆಗಲೇ ಹೆಂಚು ಇಳಿಸಿ ಒಳಗಿಟ್ಟಿದ್ದರು. ಕೆಳಗಿನ ಬೀದಿಯವರಿಗೆ ಹಾಗನ್ನಿಸಿಲ್ಲ. ಮನೆ ಮಂಜೂರಾದವರಿಗೆ ಗುರುತು ಹಾಕಿದ್ದಾರೆ, ಮೂರು ಚೌಕ ಎಂದರೆ ಮೂರು ಅಂಕಣದ ಮನೆ, ನಮ್ಮ ಬೀದಿಗೆ ಒಂದೂ ಕೊಟ್ಟಿಲ್ಲ ಎಂದು ಅವರಿಗೆ ಸಿಟ್ಟು. ಒಬ್ಬರು ಇಟ್ಟಿಗೆ ಚೂರಿನಲ್ಲಿ ತಮ್ಮ ಗೋಡೆಗೆ ತಾವೇ ಚೌಕ ಬರೆದುಕೊಂಡಿದ್ದರು. ಮೂರಲ್ಲ, ನಾಲ್ಕು.

ಹತ್ತಿರದಲ್ಲಿದ್ದ ನಂಬರು ಒಂದೇ ಆದ್ದರಿಂದ ಎರಡೂ ಬೀದಿಯವರು ಅದಕ್ಕೇ ಫೋನು ಮಾಡಿದ್ದಾರೆ. ಮೋಟರಿನವನು, ಹೌದು, ಆ ಗುರುತು ನನ್ನದೇ, ಮುಂದೆ ಉಪಯೋಗಕ್ಕೆ ಬೇಕು ಎಂದು ಇಬ್ಬರಿಗೂ ಗಂಭೀರವಾಗಿ ಹೇಳಿದ್ದಾನೆ. ಹೊಡೆಯುವವನೂ ಅವನೇ, ಮಂಜೂರು ಮಾಡುವವನೂ ಅವನೇ ಎಂದು ಜನ ತಿಳಿದರು.

ನಾನು ನಿಂತು ವಿವರಿಸಿದೆ. ಇದು ಮನೆಗೆ ಸಂಬಂಧಪಟ್ಟದ್ದಲ್ಲ, ಮೊಬೈಲ್ ನಂಬರು ಹದಿಮೂರು ಅಂಕಿ ಆಗುತ್ತದಲ್ಲ, ಬರುವ ಮೂರು ಅಂಕಿಗೆ ಜಾಗ ಬಿಟ್ಟದ್ದು, ಅಷ್ಟೇ. ಹೇಳಿ ಮುಗಿಸಿದೆ. ಬಗೆಹರಿಯಿತು ಎಂದುಕೊಂಡೆ.

ಆಗ ಡೈರಿಯಲ್ಲಿ ಹಾಲು ಅಳೆಯುವವರು ಹೊರಗೆ ಬಂದು ಕೇಳಿದರು. "ಹಂಗಾದ್ರ ನಮ್ಮ ಮೂರು ಅಂಕಿ ಎಲ್ಲಿ ಸಾ?"

ಅಲ್ಲಿಯವರೆಗೆ ಐದು ಮನೆಗಳ ಚಿಂತೆ, ಅಲ್ಲಿಂದಾಚೆಗೆ ಮೂವತ್ತು ಜನರ ಚಿಂತೆ. ಮೋಟರಿನವನಿಗೆ ಜಾಗ ಸಿಕ್ಕಿದೆ, ನಮಗಿಲ್ಲ. ಅಂಕಿ ಎಲ್ಲಿ ಕೊಡುತ್ತಾರೆ, ಹನೂರಿನಲ್ಲೋ ಕೊಳ್ಳೇಗಾಲದಲ್ಲೋ, ಆಧಾರ್ ತರಬೇಕೋ, ಫೋಟೋ ಬೇಕೋ. ಎಂಟು ನಮ್ಮ ಮನೆಗೆ ಆಗಿಬರುವುದಿಲ್ಲ, ಎಂಟು ಬರದ ಹಾಗೆ ನೋಡಿಕೊಳ್ಳಬಹುದೇ ಎಂದು ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. ಪಾಲಾರ್ ಆಚೆ ತಮಿಳುನಾಡಿನಲ್ಲಿ ಈಗಾಗಲೇ ಕೊಟ್ಟಾಗಿದೆ ಎಂದು ಇನ್ನೊಬ್ಬ. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದದ್ದೇ ತಪ್ಪಾಗಿತ್ತು, ನಾನು ಯಾವುದೋ ಆಫೀಸಿನವನ ಹಾಗೆ ಕಾಣುತ್ತಿದ್ದೆ.

ದಾರಿ ಕಾಣದೆ ಯಳಂದೂರಿನ ನನ್ನ ಷಡ್ಡಕನಿಗೆ ಫೋನು ಮಾಡಿದೆ. ಅವನು ಟೆಲಿಫೋನ್ ಲೈನ್‌ಮನ್ ಆಗಿದ್ದು ರಿಟೈರ್ ಆದವನು. ಬಿಳಿಗಿರಿರಂಗನ ಬೆಟ್ಟದ ತನಕ ಕಂಬ ಹತ್ತಿದವನು. ಇದನ್ನು ಅವನ ಹತ್ತಿರ ಮೊದಲೇ ಕೇಳಬಹುದಿತ್ತು, ಯಾಕೆ ಕೇಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಹಿಡಿದೆ. ಅವನು ಊಟಕ್ಕೆ ಕೂತಿದ್ದ. ಅಗಿಯುತ್ತಲೇ ಹೇಳಿದ.

"ಅದು ಮನ್ಸರಿಗಲ್ಲ ಕಣಪ್ಪ. ಮಿಷಿನ್‌ಗ. ಕಾರ್ಡ್ ಉಜ್ಜೋ ಮಿಷಿನ್, ಕರೆಂಟ್ ಮೀಟ್ರು, ಅಂಥವುಕ್ಕೂ ಸಿಮ್ ಇರ್ತದಲ್ಲ, ಅವುಕ್ಕ ಹದ್ಮೂರು. ಮನ್ಸರಿಗ ಹತ್ತೇ. ಪೇಪರ್ನಲ್ಲಿ ಬಂದಿತ್ತಲ್ಲ, ನೀ ಓದ್ನಿಲ್ವಾ?"

ನಾನು ಓದಿರಲಿಲ್ಲ. ಗೋಡೆ ಮೇಲೆ ಬರೆಯುವುದೇ ಹೊರತು ಓದುವ ಅಭ್ಯಾಸ ನನಗೆ ಕಡಿಮೆ.

ಫೋನು ಇಟ್ಟ ಮೇಲೆ ಒಬ್ಬ ರೈತ ಮುಂದೆ ಬಂದ. ಅವನ ತೋಟದ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದ. ಮನೆಯಿಂದ ಫೋನು ಮಾಡಿದರೆ ತೋಟದಲ್ಲಿ ಮೋಟರು ಓಡುತ್ತದೆ, ಅದಕ್ಕೊಂದು ಸಿಮ್ ಇದೆ. ಹಾಗಾದರೆ ನನ್ನ ಮೋಟರಿಗೆ ಹದಿಮೂರು ಬರುತ್ತದೆಯೇ ಎಂದು ಕೇಳಿದ. ಬರಬಹುದೇನೋ ಎಂದೆ. ಅವನಿಗೆ ಖುಷಿಯಾಯಿತು. ಮೋಟರಿನವನ ಮುಖ ಮಾತ್ರ ಇಳಿದುಹೋಯಿತು. ಸಾಯಂಕಾಲ ಚೌಕ ಅಳಿಸಲು ಸುಣ್ಣ ಕಲಸುತ್ತಿರುವಾಗ ನನಗೆ ಮಾತ್ರ ಕೇಳುವ ಹಾಗೆ ಅಂದ.

"ಇಪ್ಪತ್ತೆಂಟು ವರ್ಸದಿಂದ ನಾ ಅವುನ್ನ ರಿಪೇರಿ ಮಾಡ್ತಾ ಇವ್ನಿ. ಈಗ ಮೋಟ್ರು ನಂಬರು ನನ್ ನಂಬರ್ಗಿಂತ ದೊಡ್ದು."

ನಿನ್ನ ನಂಬರು ಬಾಯಲ್ಲಿ ಹೇಳಬಹುದು, ಅದರದ್ದನ್ನು ಯಾರು ಹೇಳುತ್ತಾರೆ ಎಂದೆ. ಅವನು ತಲೆಯಾಡಿಸಿದ, ನಂಬಲಿಲ್ಲ.

ಮೇಲಿನ ಬೀದಿಯ ನಾಲ್ಕು ಮನೆಗಳವರು ಚೌಕ ಅಳಿಸುವುದನ್ನು ಎದುರಿಗೇ ನಿಂತು ನೋಡಿದರು. ಒಂದು ಗೆರೆ ಉಳಿದರೂ ರಸ್ತೆ ಬರುತ್ತದೆ ಎನ್ನುವ ಹಾಗೆ ಬೆರಳಿಟ್ಟು ತೋರಿಸಿ ಅಳಿಸಿಸಿದರು. ಐದನೆಯ ಮನೆ ಒಬ್ಬ ಮುದುಕಿಯದು. ಕೂಲಿಗೆ ಹೋಗುವವಳು, ಒಂಟಿ. ಡೈರಿ ಮುಂದಿನ ಗಲಾಟೆಗೆ ಅವಳು ಬಂದೇ ಇರಲಿಲ್ಲ. ನಾನು ಬ್ರಷ್ಷು ಎತ್ತಿದಾಗ ಬಾಗಿಲಿಂದ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಬೇಡ ಎಂದಳು.

ನಾನು ಎಲ್ಲವನ್ನೂ ಮತ್ತೆ ಹೇಳಿದೆ. ಮೊಬೈಲು, ಹದಿಮೂರು, ಮಿಷಿನ್ನು. ಅವಳು ಕೇಳಿಸಿಕೊಂಡಳು. ಅವಳ ಹತ್ತಿರ ಮೊಬೈಲೇ ಇರಲಿಲ್ಲ.

"ಎಲ್ಲಾರ ಹೆಸ್ರೂ ಬರ್ಕಂಡೋರು ನನ್ ಹೆಸ್ರು ಯಾವತ್ತೂ ಬುಟ್ಟೇ ಓಗ್ತಾರ ಮಗ. ಮನ ಲಿಸ್ಟ್ನಲ್ಲೂ ಇಲ್ಲ, ಒಲ ಲಿಸ್ಟ್ನಲ್ಲೂ ಇಲ್ಲ. ನೀವೊಬ್ರು ನಾ ಕೇಳ್ದಂಗೇ ಬಂದು ಗುರ್ತು ಹಾಕಿದ್ರಿ."

ಇದು ಮನೆಯ ಗುರುತಲ್ಲ ಅಜ್ಜಿ, ಇದರಲ್ಲಿ ಏನೂ ಬರೆದಿಲ್ಲ, ಬರೀ ಖಾಲಿ ಎಂದೆ.

"ಖಾಲಿ ಇರ್ಲಿ ಬುಡು. ಯಾರಾರ ಬಂದ್ರ ಬರ್ಕಳಕ ಜಾಗ ಇರ್ತದ."

ಮೋಟರಿನವನು ನನ್ನ ಮುಖ ನೋಡಿದ. ನಾನು ಬ್ರಷ್ಷು ಇಳಿಸಿದೆ. ಅವನು ಜೇಬಿನಿಂದ ಟೇಪು ತೆಗೆದು, ಯಾಕೋ, ಮೂರು ಚೌಕಗಳನ್ನೂ ಇನ್ನೊಂದು ಸಲ ಅಳೆದ. ಕೊನೆಯದು ಕಾಲಿಂಚು ಚಿಕ್ಕದಿದೆ ಎಂದ. ನಾನು ಕೆಂಪು ಡಬ್ಬಿ ತೆರೆದು ಅದನ್ನು ಸರಿಮಾಡಿದೆ. ಮುದುಕಿ ಪಕ್ಕದಲ್ಲಿ ನಿಂತು ನೋಡಿ, ಈಗ ಸರಿಯಾಯಿತು ಎಂದಳು.

ಉಳಿದ ಊರುಗಳ ಚೌಕಗಳನ್ನೂ ಒಂದು ವಾರದಲ್ಲಿ ಅಳಿಸಿದೆವು. ಮನುಷ್ಯರ ನಂಬರು ಬದಲಾಗುವುದಿಲ್ಲ ಎಂಬ ಸುದ್ದಿ ಕೊಳ್ಳೇಗಾಲದ ಟೀ ಅಂಗಡಿಗೆ ಬಂದಾಗ, ಮುಂದೆ ಎಂದವರೂ ಹಿಂದೆ ಎಂದವರೂ ತಾವೇ ಗೆದ್ದೆವೆಂದು ಹೇಳಿಕೊಂಡರು. ನನ್ನ ಹೆಂಡತಿಗೆ ಹೇಳಿದರೆ ಅವಳು ಒಂದು ಗಳಿಗೆ ಲಾಳಿ ನಿಲ್ಲಿಸಿ, ಹಾಗಾದರೆ ಆವತ್ತು ಚಿಕ್ಕವಳು ಅತ್ತದ್ದು ದಂಡ ಎಂದಳು. ಮೋಟರಿನವನು ತನ್ನ ಎಲ್ಲ ಗೋಡೆಗಳಲ್ಲೂ ನಂಬರಿನ ಕೆಳಗೆ 'ಹತ್ತೇ ಅಂಕಿ' ಎಂದು ಬರೆಸಿದ. ಅದನ್ನು ಓದಿದವರು ಮೋಟರಿನ ಬಗ್ಗೆ ಕೇಳುವುದು ಬಿಟ್ಟು, ಹತ್ತೇ ಯಾಕೆ, ಮೊದಲು ಎಷ್ಟಿತ್ತು ಎಂದು ಕೇಳಲು ಫೋನು ಮಾಡತೊಡಗಿದರು. ಎರಡು ತಿಂಗಳು ತಾಳಿ, ಅದನ್ನೂ ಅಳಿಸಲು ನನ್ನನ್ನೇ ಕರೆದ.

ಮಾರನೆಯ ವರ್ಷ ಬೇರೆ ಯಾರದೋ ಗೋಡೆ ಬರೆಯಲು ಶಾಗ್ಯಕ್ಕೆ ಹೋಗಿದ್ದೆ. ಹಬ್ಬ ಕಳೆದು ನಾಲ್ಕೈದು ದಿನವಾಗಿತ್ತು. ಮುದುಕಿ ಮನೆಗೆ ಸುಣ್ಣ ಹೊಡೆದಿದ್ದಳು. ಮೂರು ಚೌಕಗಳ ಸುತ್ತ ಒಂದು ಹನಿಯೂ ಬೀಳದ ಹಾಗೆ, ಬಹಳ ನಿಧಾನವಾಗಿ ಹೊಡೆದಿದ್ದಳೆಂದು ನೋಡಿದರೇ ತಿಳಿಯುತ್ತಿತ್ತು. ಬಾಗಿಲಿಗೆ ಬೀಗವಿತ್ತು, ಹೊಲಕ್ಕೆ ಹೋಗಿರಬೇಕು. ಚೌಕಗಳ ಒಳಗೆ ಏನೂ ಇರಲಿಲ್ಲ.