ಸಗೋತ್ರದ ಒಗ್ಗರಣೆ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ನಿವೃತ್ತಿಯ ನಂತರ ಉಳಿದ ವಿದ್ಯಾರ್ಥಿನಿ ಒಬ್ಬರೇ, ನಮ್ಮ ಅತ್ತೆ. ಪಾಠ ಕೇಳುವ ತಾಳ್ಮೆ ಅವರಿಗಿಲ್ಲ, ಪಾಠ ಮಾಡುವ ಚಟ ನನ್ನನ್ನು ಬಿಟ್ಟಿಲ್ಲ.

ಹೋದ ವರ್ಷ ನನ್ನ ಮಗಳು, ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು, ಜಾತಕವೂ ಕೂಡಿಬಂತು. ಆದರೆ ಇಬ್ಬರದೂ ಒಂದೇ ಗೋತ್ರ. ಅತ್ತೆ ಉಯ್ಯಾಲೆ ನಿಲ್ಲಿಸಿ, "ಸಗೋತ್ರ ಅಂದ್ರೆ ಅಣ್ಣ ತಂಗಿ ಇದ್ದ ಹಾಗೆ. ನಾನಿರೋ ತನಕ ಆಗಲ್ಲ" ಎಂದುಬಿಟ್ಟರು. ಅಜ್ಜಿ ಒಪ್ಪದೆ ಹಸೆಮಣೆ ಏರುವುದಿಲ್ಲವೆಂದು ಮಗಳ ಹಟ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಒಂದು ಭಾನುವಾರ ಜಯನಗರದ ಮಾರ್ಕೆಟ್ಟಿನಿಂದ ಬೇಕೆಂದೇ ತರಕಾರಿ ಆರಿಸಿ ತಂದು ಅಡುಗೆ ಮಾಡಿದೆ. ಎಲೆಕೋಸಿನ ಪಲ್ಯ, ನವಿಲುಕೋಸಿನ ಹುಳಿ, ಮೂಲಂಗಿ ಕೋಸಂಬರಿ. ಎಲ್ಲಕ್ಕೂ ಧಾರಾಳವಾಗಿ ಸಾಸಿವೆ ಒಗ್ಗರಣೆ. ಅತ್ತೆ ಮತ್ತೆ ಪಲ್ಯ ಹಾಕಿಸಿಕೊಂಡು, "ಇವತ್ತು ಒಂದಕ್ಕೊಂದು ಚೆನ್ನಾಗಿ ಹೊಂದಿದೆ ಕಣೆ" ಎಂದರು. ನಾನು ಕಾಯುತ್ತಿದ್ದುದೇ ಇದಕ್ಕೆ.

"ಹೊಂದದೆ ಏನತ್ತೆ? ಎಲ್ಲಾ ಒಂದೇ ಗೋತ್ರ."

"ಯಾವುದು ಕಣೆ?"

ಸಾಸಿವೆ, ಮೂಲಂಗಿ, ಕೋಸು, ಯಾವುದರ ಹೂವಿಗಾದರೂ ಎದುರುಬದುರಾಗಿ ನಾಲ್ಕೇ ಎಸಳು. ಕೇಸರ ಆರು, ಅದರಲ್ಲಿ ಎರಡು ಗಿಡ್ಡ. ಅದಕ್ಕೇ ಇವೆಲ್ಲ ಸಾಸಿವೆಯ ಕುಟುಂಬಕ್ಕೆ ಸೇರಿದವು ಎಂದು ಶುರುಮಾಡಿದೆ. ಎಲೆಕೋಸು, ಹೂಕೋಸು, ನವಿಲುಕೋಸುಗಳಂತೂ ಒಡಹುಟ್ಟಿದವು, ಪ್ರಭೇದವೂ ಒಂದೇ. ಕನ್ನಡದವರು ಯಾವ ಪರೀಕ್ಷೆಯನ್ನೂ ಬರೆಯದೆ ಮೂರನ್ನೂ ಕೋಸು ಎಂದೇ ಕರೆದಿದ್ದಾರೆ. ಪುಸ್ತಕದ 'ಕುಟುಂಬ'ವನ್ನು ನಾನು 'ಗೋತ್ರ' ಮಾಡಿದ್ದು ಮಾತ್ರ ಶುದ್ಧ ತರಲೆ. ಉತ್ತರಪತ್ರಿಕೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

"ಈ ಮನೆಗೆ ಬಂದಾಗಿನಿಂದ ಕೋಸಿಗೂ ಸಾಸಿವೆಗೂ ನೀವೇ ಮದುವೆ ಮಾಡಿಸ್ತಾ ಬಂದಿದ್ದೀರಿ. ಏನು ದೋಷ ಬಂತು ಅತ್ತೆ?"

ಮಗಳು ತಲೆ ಎತ್ತಲಿಲ್ಲ. ಅತ್ತೆ ತಟ್ಟೆಯ ಅಂಚಿನಲ್ಲಿದ್ದ ಸಾಸಿವೆ ಕಾಳೊಂದನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದರು.

"ಅದಕ್ಕೇ ಅನ್ನು, ಎಣ್ಣೆಗೆ ಬಿದ್ದ ತಕ್ಷಣ ಇದು ಅಷ್ಟು ಕೂಗಾಡೋದು."

"ಕೂಗಾಡಿ ಏನು ಮಾಡುತ್ತೆ?" ಎಂದೆ.

"ಏನು ಮಾಡುತ್ತೆ, ಸುಮ್ಮನಾಗುತ್ತೆ. ಆದ್ರೆ ಸಿಡೀದೆ ಇದ್ರೆ ಒಗ್ಗರಣೆ ಕಹಿ." ಅತ್ತೆ ಮೊಮ್ಮಗಳ ಕಡೆ ತಿರುಗಿದರು. "ನಾನಿನ್ನೂ ಸ್ವಲ್ಪ ದಿನ ಸಿಡೀತೀನಿ, ಯಾರೂ ಮುಚ್ಚಳ ಹಾಕ್ಬೇಡಿ. ಸುಮ್ಮನಾದ್ಮೇಲೆ ಆ ಹುಡುಗನ್ನ ಊಟಕ್ಕೆ ಕರಿ."