ಟೌನ್ ಹಾಲಿನ ನಡುಗಮಾನು

ಹಸಿ ಸುಣ್ಣದ ವಾಸನೆ ಬಂದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದರ ಹಿಂದೆಯೇ ಈಗಿಲ್ಲದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ: ಮೂಲೆಯಲ್ಲಿ ಗಾರೆಗಚ್ಚಿಗೆ ಬೆರೆಸುವ ಬೆಲ್ಲದ ನೀರಿನ ಗಡಿಗೆ, ಗೋಡೆಗೆ ಒರಗಿಸಿದ ಕಲ್ಲು ಕೆತ್ತುವ ಚಾಣ, ಗಚ್ಚು ಬಳಿಯುವ ಕರಣಿ, ಸುಣ್ಣ ತಿಂದು ಬಿರಿದ ಮುತ್ಯಾನ ಪಾದಗಳು. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಸಂಸ್ಥಾನದ ಕಾಲದ ಗೌಂಡಿ, ಗಾರೆ ಕೆಲಸದವನು. ನಮ್ಮೂರಿನವರು ಎದೆಯುಬ್ಬಿಸಿ ತೋರಿಸುವ ಟೌನ್ ಹಾಲಿನ ಕಮಾನುಗಳು ಅವನ ಕೈಯವು. ತೋರಿಸಲಿ. ನನಗೆ ಮಾತ್ರ ಆ ಕಟ್ಟಡ ಕಂಡರೆ ಆಗುವುದಿಲ್ಲ.

ವಿಲಾಯತಿಯ ಯಾವುದೋ ಊರಿನಲ್ಲಿ ನೂರಾರು ವರ್ಷಗಳ ಹಿಂದೆ ಕಟ್ಟಿದ ಸಭಾಗೃಹದ ಚಿತ್ರವನ್ನು ಕೆಲಸದ ಉಸ್ತುವಾರಿಯ ಓವರ್ಸಿಯರ್ ಸಾಹೇಬ ತಂದು, ಟೌನ್ ಹಾಲು ಹಾಗೆಯೇ ಆಗಬೇಕು ಎಂದಿದ್ದ. ಚೂಪುತುದಿಯ ಕಮಾನು, ಸಪೂರ ಕಂಬ, ಎತ್ತರದ ಗೋಪುರ, ಕಿಟಕಿಗೆಲ್ಲ ಬಣ್ಣದ ಗಾಜು. ನಮ್ಮ ಬಿಸಿಲಿಗೆ ಆ ಗಾಜು ಯಾಕೆ ಬೇಕಿತ್ತೋ ದೇವರೇ ಬಲ್ಲ. ಲೋಕಾಪುರದ ಕಡೆಯಿಂದ ಸುಣ್ಣ ಬಂತು, ಗೋಡೆಗಳೆದ್ದವು, ಉದ್ಘಾಟನೆಗೆ ದಿನವೂ ಗೊತ್ತಾಯಿತು. ಆದರೆ ನಡುವಿನ ದೊಡ್ಡ ಕಮಾನಿನ ಗಚ್ಚು ಇನ್ನೂ ಹಸಿಯಾಗಿತ್ತು. ಅದರ ಕೆಳಗಿನ ಕಟ್ಟಿಗೆಯ ಆಸರೆ ಬಿಚ್ಚಲು ಸಾಹೇಬನಿಗೆ ಅವಸರ.

"ಇನ್ನೊಂದ ತಿಂಗಳ ತಡೀರಿ ಸಾಹೇಬ್ರ. ಗಚ್ಚ ಇನ್ನಾ ಆರಿಲ್ರಿ," ಎಂದ ಮುತ್ಯಾ.

"ನೀ ಗೌಂಡಿ ಅದಿ, ಗೌಂಡಿ ಹಂಗ ಇರು. ಇವತ್ತ ಬಿಚ್ಚಸ್ತೇನಿ."

ಆಸರೆ ಬಿಚ್ಚುವಾಗ ಕಮಾನು ಕಟ್ಟಿದವನೇ ಅದರ ಕೆಳಗೆ ನಿಲ್ಲಬೇಕು. ಇದು ನಮ್ಮ ಮನೆತನದ ಕಟ್ಟಳೆ. ಎಲ್ಲ ಗೊತ್ತಿದ್ದೂ ಮುತ್ಯಾ ಹೋಗಿ ನಿಂತ. ಎಂಥ ಹುಂಬತನ! ಆ ಸಿಟ್ಟು ಅವನ ಮೇಲೂ ನನಗಿದೆ. ಕಲ್ಲುಗಳು ಕುಸಿದವು. ಮನೆಗೆ ಹೊತ್ತು ತಂದಾಗ ಅವನಲ್ಲಿ ಉಸಿರಿರಲಿಲ್ಲ. ನನಗಾಗ ಎಂಟು ವರ್ಷ.

ಕಮಾನನ್ನು ಮತ್ತೆ ಕಟ್ಟಿದವನು ನನ್ನ ಅಪ್ಪ. ಈ ಸಲವೂ ಗಚ್ಚು ಆರಿರಲಿಲ್ಲ, ಸಾಹೇಬನ ಅವಸರವೂ ಕಡಿಮೆಯಾಗಿರಲಿಲ್ಲ. ಬಿಚ್ಚುವ ದಿನ ಮುತ್ಯಾನ ಹೆಂಡತಿ, ನಮ್ಮ ಆಯಿ, ನನ್ನ ಕೈ ಹಿಡಿದುಕೊಂಡು ಅಲ್ಲಿಗೆ ಹೋದಳು. ನನ್ನನ್ನು ಹೊರಗೆ ನಿಲ್ಲಿಸಿ, ಸೆರಗು ಬಿಗಿದು, ಅಪ್ಪನಿಗಿಂತ ಮೊದಲೇ ಕಮಾನಿನ ಕೆಳಗೆ ನಿಂತಳು. ಅಪ್ಪ ಕೈಮುಗಿದು ಬೇಡಿಕೊಂಡರೂ ಕದಲಲಿಲ್ಲ.

"ಸಾಹೇಬ್ರ, ಗಟ್ಟಿ ಆಗೈತಿ ಅಂತೀರಲ್ಲ, ಬರ್ರಿ, ನನ್ನ ಮಗ್ಗಲ ನಿಂದರ್ರಿ. ಆಮ್ಯಾಲೆ ಬಿಚ್ಚಸ್ರಿ."

ಸಾಹೇಬ ಕಮಾನನ್ನು ನೋಡಿದ, ಸುತ್ತ ನಿಂತ ಆಳುಗಳನ್ನು ನೋಡಿದ. ಬರಲಿಲ್ಲ. ಇನ್ನೊಂದು ತಿಂಗಳು ಬಿಟ್ಟು ಬಿಚ್ಚಿರಿ ಎಂದು ಹೇಳಿ ಹೊರಟುಹೋದ.

ಮುತ್ಯಾ ಸತ್ತ ದಿನವೂ ಅಳದಿದ್ದ ಆಯಿ ಅಲ್ಲೇ ಕುಸಿದು ಕುಳಿತು ಎದೆ ಬಡಿದುಕೊಂಡು ಅತ್ತಳು. ಅವನು ಕೇಳಿದ್ದೂ ಒಂದೇ ತಿಂಗಳು.